ಉಳಿತಾಯ ಎಲ್ಲಿಂದ ಬಂತು?



ಅಂಗಡಿಯ ದಾಸ್ತಾನು, ಲೆಕ್ಕಪುಸ್ತಕ, ಕೆಲಸದ ಹಂಚಿಕೆ ಇವುಗಳಿಗೂ ದೀನ್‌ಗೂ ಏನು ಸಂಬಂಧ ಎಂದು ಕೇಳುವವರು ನಮ್ಮಲ್ಲಿದ್ದಾರೆ. ಅಂಥವರು ಪವಿತ್ರ ಕುರ್‌ಆನಿನ 12ನೆಯ ಅಧ್ಯಾಯವಾದ ಸೂರಃ ಯೂಸುಫ್ ಅನ್ನು ಒಮ್ಮೆ ಗಮನವಿಟ್ಟು ಓದಬೇಕು.

ಏಳು ಕೊಬ್ಬಿದ ಹಸುಗಳನ್ನು ಏಳು ಬಡಕಲು ಹಸುಗಳು ತಿನ್ನುವುದನ್ನು ಈಜಿಪ್ಟಿನ ರಾಜನು ಕನಸಿನಲ್ಲಿ ಕಂಡನು. ಆಸ್ಥಾನದವರು ಅದನ್ನು ಅರ್ಥವಿಲ್ಲದ ಕನಸೆಂದು ತಳ್ಳಿಹಾಕಿದರು. ಸೆರೆಮನೆಯಲ್ಲಿದ್ದ ಪ್ರವಾದಿ ಯೂಸುಫ್(ಅ)ರು ಅದರ ಅರ್ಥವನ್ನು ಹೇಳಿದ್ದಲ್ಲದೆ ಪರಿಹಾರದ ಯೋಜನೆಯನ್ನೂ ಕೊಟ್ಟರು. ಏಳು ವರ್ಷ ಎಡೆಬಿಡದೆ ಬೇಸಾಯ ಮಾಡಬೇಕು. ಉಣ್ಣಲು ಬೇಕಾದಷ್ಟನ್ನು ಬಿಟ್ಟು ಉಳಿದ ಧಾನ್ಯವನ್ನು ತೆನೆಯಲ್ಲೇ ಇಡಬೇಕು. ಮುಂದಿನ ಏಳು ಬರಗಾಲದ ವರ್ಷಗಳಲ್ಲಿ ಅದನ್ನು ಬಳಸಬೇಕು, ಆಗಲೂ ಸ್ವಲ್ಪವನ್ನು ಕಾದಿಡಬೇಕು. ತೆನೆಯಲ್ಲಿರುವ ಕಾಳಿಗೆ ಹೊಟ್ಟಿನ ರಕ್ಷಣೆಯಿದೆ, ಅದು ಬೇಗ ಕೆಡದು. ಉತ್ಪಾದನೆ, ಸಂಗ್ರಹ, ಮಿತಬಳಕೆ, ನಾಳಿನ ಚಿಂತೆ ಎಲ್ಲವೂ ಆ ಮಾತಿನಲ್ಲಿದ್ದವು.

ಉಗ್ರಾಣಗಳ ಹೊಣೆಯನ್ನು ಕೇಳುವಾಗ ಅವರು ತಮ್ಮ ಎರಡು ಅರ್ಹತೆಗಳನ್ನು ಹೇಳಿದರು. ಒಂದು, ತಾವು 'ಹಫೀಝ್', ಅಂದರೆ ಕಾಯುವವರು. ಇನ್ನೊಂದು, 'ಅಲೀಮ್', ಅಂದರೆ ಬಲ್ಲವರು. ಬಲ್ಲವನು ಪ್ರಾಮಾಣಿಕನಲ್ಲದಿದ್ದರೆ ಉಗ್ರಾಣವನ್ನು ದೋಚುತ್ತಾನೆ. ಪ್ರಾಮಾಣಿಕನು ಬಲ್ಲವನಲ್ಲದಿದ್ದರೆ ಉಗ್ರಾಣದಲ್ಲಿ ಧಾನ್ಯ ಹುಳು ಹಿಡಿಯುತ್ತದೆ. ಎರಡರಿಂದಲೂ ಹಸಿಯುವುದು ಜನರ ಹೊಟ್ಟೆಯೇ.

ಮುಂದೆ ಧಾನ್ಯ ಬೇಡಿ ಬಂದ ಸೋದರರಿಗೆ ಯೂಸುಫ್(ಅ)ರು ಹೇಳಿದ ಮಾತನ್ನು ಗಮನಿಸಿ. ತಾವು ಅಳತೆಯನ್ನು ಪೂರ್ತಿಯಾಗಿ ಕೊಡುವುದನ್ನು ಅವರಿಗೆ ತೋರಿಸಿಕೊಟ್ಟರು. ಅದು ಬರಗಾಲ, ಉಗ್ರಾಣದ ಬೀಗ ಅವರ ಕೈಯಲ್ಲಿತ್ತು. ಅಳತೆಗೆ ಒಂದೊಂದು ಹಿಡಿ ಕಡಿಮೆ ಮಾಡಿದ್ದರೆ ಎಷ್ಟೋ ಉಳಿಯುತ್ತಿತ್ತು. ಆದರೆ ಅವರು ಉಳಿಸಿದ್ದು ಪೋಲಾಗುವುದನ್ನು, ಪರರ ಹಕ್ಕನ್ನಲ್ಲ.

ಸಹೋದರರೇ, ವ್ಯಾಪಾರದಲ್ಲಿ ಎರಡು ಬಗೆಯ ಉಳಿತಾಯವಿದೆ. ಮೊದಲು ಬಂದ ಸರಕನ್ನು ಮೊದಲು ಮಾರುವುದು, ಯಂತ್ರ ಕೆಡುವ ಮುಂಚೆಯೇ ಎಣ್ಣೆ ಹಾಕುವುದು, ಸಾಲದ ವ್ಯವಹಾರವನ್ನು ಬರೆದಿಡುವುದು ಮೊದಲನೆಯ ಬಗೆ. ಸಾಲವನ್ನು ಬರೆದಿಡಬೇಕೆಂಬ ಸೂಕ್ತವೇ (ಅಲ್ ಬಕರಃ: 282) ಕುರ್‌ಆನಿನ ಅತಿ ದೀರ್ಘವಾದ ಸೂಕ್ತ. ಪ್ರಾಣಿಯನ್ನು ಝಬಹ್ ಮಾಡುವವನು ಕತ್ತಿಯನ್ನು ಮೊದಲೇ ಹರಿತಗೊಳಿಸಿ ಅದರ ನೋವನ್ನು ತಗ್ಗಿಸಬೇಕೆಂದು ಪ್ರವಾದಿವರ್ಯರು(ಸ) ಆದೇಶಿಸಿದ್ದಾರೆ (ಮುಸ್ಲಿಮ್). ಚೊಕ್ಕವಾಗಿ ಮಾಡಿದ ಕೆಲಸದಲ್ಲಿ ಕರುಣೆಯೂ ಇದೆಯೆಂಬುದನ್ನು ನಾವು ಮರೆಯಬಾರದು.

ಎರಡನೆಯ ಬಗೆ ಬೇರೆ. ಬೀಡಿ ಕಟ್ಟುವ ತಾಯಿಗೆ ಎಲೆಯನ್ನು ಕಡಿಮೆ ತೂಗಿ ಕೊಟ್ಟು, ಬೀಡಿಯನ್ನು ಮಾತ್ರ ಪೂರ್ತಿ ಲೆಕ್ಕಕ್ಕೆ ಕೇಳಿದರೆ, ಕೊರತೆಯ ಎಲೆಯನ್ನು ಆಕೆ ತನ್ನ ಕಾಸಿನಿಂದಲೇ ಕೊಳ್ಳಬೇಕಾಗುತ್ತದೆ. ಯಜಮಾನನ ಪುಸ್ತಕದಲ್ಲಿ ಅದು ಉಳಿತಾಯ. ತಾನು ಪಡೆಯುವಾಗ ಪೂರ್ತಿ ಅಳೆಸಿಕೊಂಡು ಕೊಡುವಾಗ ಕಡಿತ ಮಾಡುವವನಿಗೆ ನಾಶ ಕಾದಿದೆಯೆಂದು 83ನೆಯ ಅಧ್ಯಾಯವು ಆರಂಭದಲ್ಲೇ ಎಚ್ಚರಿಸುವುದು ಇದನ್ನೇ ಅಲ್ಲವೇ? ಕೆಲಸವನ್ನು ಪೂರ್ತಿ ಮಾಡಿಸಿಕೊಂಡು ಕೂಲಿ ಕೊಡದವನಿಗೆ ಪುನರುತ್ಥಾನ ದಿನದಂದು ಸ್ವತಃ ಅಲ್ಲಾಹನೇ ಎದುರಾಳಿಯಾಗುವನೆಂದು ಹದೀಸ್‌ನಲ್ಲಿದೆ (ಬುಖಾರಿ). ಆ ನ್ಯಾಯಾಲಯದಲ್ಲಿ ಯಾವ ವಕೀಲನನ್ನು ನಿಲ್ಲಿಸುವಿರಿ?

ಈ ಮಾತು ಕೂಲಿಯವನಿಗೂ ಅನ್ವಯಿಸುತ್ತದೆ. ಯಜಮಾನನಿಲ್ಲದಾಗ ಹರಟೆಯಲ್ಲಿ ಕಳೆದ ಗಂಟೆಯೂ ತಕ್ಕಡಿಯ ಕಡಿತವೇ.

ಆದುದರಿಂದ ತಿಂಗಳ ಲೆಕ್ಕ ಮುಗಿಸುವಾಗ ಎಷ್ಟು ಉಳಿಯಿತೆಂದು ಮಾತ್ರ ನೋಡಬೇಡಿ. ಅದು ಎಲ್ಲಿಂದ ಉಳಿಯಿತೆಂದೂ ನೋಡಿ. ಪೋಲಾಗುತ್ತಿದ್ದುದು ನಿಂತು ಉಳಿದಿದ್ದರೆ ಅಲ್ಲಾಹನನ್ನು ಸ್ತುತಿಸಿ. ಯಾರದೋ ಮನೆಯ ಒಲೆಯಿಂದ ಉಳಿದಿದ್ದರೆ ಅವರು ಕೇಳುವ ಮುಂಚೆಯೇ ಹಿಂದಿರುಗಿಸಿ. ಇಂದು ರೂಪಾಯಿಯಲ್ಲಿ ತೀರುವ ಆ ಬಾಕಿಯನ್ನು ನಾಳೆ ಸತ್ಕರ್ಮಗಳಿಂದ ತೀರಿಸಬೇಕಾದೀತು.

ಅಲ್ಲಾಹನು ನಮ್ಮನ್ನು ಬಲ್ಲವರೂ ಕಾಯುವವರೂ ಆಗಿ ಮಾಡಲಿ, ನಮ್ಮ ದುಡಿಮೆಯಲ್ಲಿ ಬರಕತ್ ನೀಡಲಿ. ಆಮೀನ್.