ಅನುಮತಿ ಕೊಡುವ ಮುನ್ನ

ಕಳೆದ ಈದ್‌ಗೆ ನನ್ನ ಅಕ್ಕನ ಮಗ ತನ್ನ ತಾಯಿಗೊಂದು ಸ್ಮಾರ್ಟ್‌ಫೋನ್ ತಂದುಕೊಟ್ಟ. ಅಲ್ಲಿಯವರೆಗೆ ಅಕ್ಕನ ಬಳಿ ಇದ್ದುದು ಬರೇ ಮಾತಾಡಲಿಕ್ಕಾಗುವ ಗುಂಡಿಯ ಫೋನು. ಹಳೆಯ ಫೋನಿನಲ್ಲಿದ್ದ ಹೆಸರುಗಳನ್ನೆಲ್ಲ ಹೊಸದಕ್ಕೆ ಇಳಿಸಿ, ಹುಡುಗ ಒಂದರ ಹಿಂದೊಂದು ಆ್ಯಪ್ ಹಾಕತೊಡಗಿದ. ಪ್ರತಿಯೊಂದೂ ಏನನ್ನೋ ಕೇಳುತ್ತಿತ್ತು. ಅವನು ಓದದೆಯೇ ‘ಅನುಮತಿಸಿ’ ಎಂಬುದನ್ನು ಒತ್ತುತ್ತಿದ್ದ. ಪಕ್ಕದಲ್ಲಿ ಕುಳಿತಿದ್ದ ಅಕ್ಕ ಕನ್ನಡಕ ಸರಿಪಡಿಸಿಕೊಂಡು ಓದಿ ಕೇಳಿದಳು:

“ಮೋನೇ, ಫೋಟೋವನ್ನು ಚಂದ ಮಾಡುವ ಆ್ಯಪ್ ಅಲ್ಲವೇ ಇದು? ಇದಕ್ಕೆ ನನ್ನ ಫೋನಿನಲ್ಲಿರುವ ಹೆಂಗಸರ ನಂಬರ್ ಯಾಕೆ?”

“ಎಲ್ಲ ಆ್ಯಪ್‌ಗಳೂ ಕೇಳುತ್ತವೆ ಉಮ್ಮ.”

“ಅವರು ನಂಬರ್ ಕೊಟ್ಟದ್ದು ನನಗಲ್ಲವೇ? ಅವರನ್ನು ಕೇಳದೆ ನಾನು ಹೇಗೆ ಇನ್ನೊಬ್ಬರಿಗೆ ಕೊಡಲಿ?”

ಹುಡುಗ ನಕ್ಕುಬಿಟ್ಟ. ನನಗೆ ಮಾತ್ರ ನಗು ಬರಲಿಲ್ಲ. ಯಾಕೆಂದರೆ ನನ್ನ ಫೋನಿನಲ್ಲಿ ಆಗ ನಲುವತ್ತಕ್ಕೂ ಹೆಚ್ಚು ಆ್ಯಪ್‌ಗಳಿದ್ದವು. ಒಂದನ್ನು ಹಾಕುವಾಗಲೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಹೊಸ ಫೋನಿಗೆ ಅಗತ್ಯವಾದ ಆ್ಯಪ್‌ಗಳು ಯಾವುವು? ಮನೆಮನೆಗಳಲ್ಲಿ ಇಂದು ಕೇಳಿಬರುವ ಪ್ರಶ್ನೆಯಿದು. ಆದರೆ ‘ಅಗತ್ಯ’ ಎಂದರೇನು ಎಂದು ನಾವು ನಿಂತು ಯೋಚಿಸುವುದಿಲ್ಲ. ನಮ್ಮ ಪೂರ್ವಸೂರಿಗಳಾದ ವಿದ್ವಾಂಸರು ಯೋಚಿಸಿದ್ದರು. ಕ್ರಿ.ಶ. 1111ರಲ್ಲಿ ನಿಧನರಾದ ಇಮಾಮ್ ಗಝ್ಝಾಲಿ ಮತ್ತು 1388ರಲ್ಲಿ ನಿಧನರಾದ ಗ್ರನಾಡದ ಇಮಾಮ್ ಶಾತಿಬಿಯವರು ಮನುಷ್ಯನ ಹಿತಗಳನ್ನು ಮೂರು ದರ್ಜೆಗಳಲ್ಲಿಟ್ಟು ವಿವರಿಸಿದ್ದಾರೆ. ಯಾವುದಿಲ್ಲದೆ ಬದುಕೇ ಕೆಡುವುದೋ ಅದು ಝರೂರಿಯ್ಯಾತ್. ಯಾವುದಿಲ್ಲದಿದ್ದರೆ ಬದುಕು ಸಾಗಿದರೂ ಕಷ್ಟವಾಗುವುದೋ ಅದು ಹಾಜಿಯ್ಯಾತ್. ಬದುಕಿಗೆ ಅಂದ ಕೊಡುವಂಥದ್ದು ತಹ್ಸೀನಿಯ್ಯಾತ್. ಧರ್ಮ, ಜೀವ, ಬುದ್ಧಿ, ಸಂತತಿ, ಸಂಪತ್ತು ಇವುಗಳ ರಕ್ಷಣೆ ಮೊದಲನೆಯ ದರ್ಜೆಗೆ ಸೇರಿದೆ. ಕೆಲವು ವಿದ್ವಾಂಸರು ಇವುಗಳ ಜೊತೆಗೆ ಮಾನವನ್ನೂ ಸೇರಿಸಿದ್ದಾರೆ. ಅಲಂಕಾರಕ್ಕಾಗಿ ಅಗತ್ಯವನ್ನು ಬಲಿಕೊಡಬಾರದು ಎಂಬುದು ಈ ವಿಂಗಡಣೆಯ ತಿರುಳು.

ಈಗ ನಮ್ಮ ಫೋನನ್ನು ತೆರೆದು ನೋಡೋಣ. ಫೋಟೋಕ್ಕೆ ಬಣ್ಣ ಹಚ್ಚುವ ಆ್ಯಪ್ ತೀರಾ ಕೆಳಗಿನ ದರ್ಜೆಯದು. ಅದು ಕೇಳುವ ಬೆಲೆಯೋ ಹತ್ತಾರು ಸಹೋದರಿಯರ ಹೆಸರು ಮತ್ತು ನಂಬರು, ಅಂದರೆ ಅವರ ಮಾನಕ್ಕೆ ಸೇರಿದ್ದು. ಅಲಂಕಾರಕ್ಕಾಗಿ ಅಗತ್ಯವನ್ನು ಮಾರುವುದೆಂದರೆ ಇದೇ ಅಲ್ಲವೇ? ಅದೂ ನಮ್ಮದಲ್ಲ, ಇತರರದು!

ಪವಿತ್ರ ಕುರ್‌ಆನಿನ ಸೂರಃ ಅನ್ನೂರ್ ನಮಗೆ ಮನೆ ಪ್ರವೇಶದ ಶಿಷ್ಟಾಚಾರವನ್ನು ಕಲಿಸಿದೆ. ಮನೆಯವರ ಅನುಮತಿ ಪಡೆಯದೆ, ಸಲಾಮ್ ಹೇಳದೆ ಇತರರ ಮನೆಯೊಳಗೆ ಕಾಲಿಡುವಂತಿಲ್ಲ. ಮರಳಿ ಹೋಗಿರೆಂದರೆ ಬೇಸರಿಸದೆ ಮರಳಬೇಕು. ಮನೆಯ ಒಳಗು ಪರರ ಕಣ್ಣಿಗೆ ಬೀಳದಿರಲೆಂದೇ ಈ ಅನುಮತಿಯ ನಿಯಮವಿದೆ ಎಂಬುದನ್ನು ಪ್ರವಾದಿವರ್ಯರು(ಸ) ತಿಳಿಸಿಕೊಟ್ಟಿದ್ದಾರೆ. ಹದಿನಾಲ್ಕು ಶತಮಾನಗಳ ಬಳಿಕ ಅದೇ ‘ಅನುಮತಿ’ ಎಂಬ ಪದ ನಮ್ಮ ಅಂಗೈಯ ಗಾಜಿನ ಮೇಲೆ ಮೂಡುತ್ತಿದೆ. ಬಾಗಿಲು ತಟ್ಟುವವನನ್ನು ನಾವು “ಯಾರು?” ಎಂದು ಕೇಳುತ್ತೇವೆ. ಫೋನಿನ ಬಾಗಿಲು ತಟ್ಟುವವನನ್ನು ಮಾತ್ರ ಮುಖ ನೋಡದೆ ಒಳಗೆ ಬಿಟ್ಟುಕೊಳ್ಳುತ್ತೇವೆ.

ಇದರಿಂದ ಏನು ನಷ್ಟ ಎಂದು ಕೇಳುವವರಿದ್ದಾರೆ. ಎರಡು ಉದಾಹರಣೆಗಳನ್ನು ನೋಡಿರಿ.

ನಮಾಝಿನ ಸಮಯ ಹಾಗೂ ಕಿಬ್ಲಾ ತೋರಿಸುವ ‘ಮುಸ್ಲಿಮ್ ಪ್ರೊ’ ಎಂಬ ಆ್ಯಪನ್ನು ಜಗತ್ತಿನಾದ್ಯಂತ ಕೋಟ್ಯಂತರ ಮಂದಿ ಇಳಿಸಿಕೊಂಡಿದ್ದರು. ಬಳಕೆದಾರರು ಎಲ್ಲಿದ್ದಾರೆಂಬ ಮಾಹಿತಿ ಆ ಆ್ಯಪಿನಿಂದ ಎಕ್ಸ್-ಮೋಡ್ ಎಂಬ ಅಮೆರಿಕನ್ ದಲ್ಲಾಳಿ ಕಂಪೆನಿಗೆ ಹೋಗುತ್ತಿದೆಯೆಂದೂ, ಆ ಕಂಪೆನಿಯ ಗಿರಾಕಿಗಳಲ್ಲಿ ಅಮೆರಿಕದ ಸೇನೆಗೆ ಕೆಲಸ ಮಾಡುವ ಗುತ್ತಿಗೆದಾರರೂ ಇದ್ದಾರೆಂದೂ 2020ರ ನವೆಂಬರ್‌ನಲ್ಲಿ ‘ಮದರ್‌ಬೋರ್ಡ್’ ಪತ್ರಿಕೆ ವರದಿ ಮಾಡಿತು. ತಾನು ಸೇನೆಗೆ ಮಾಹಿತಿ ಮಾರಿದ್ದೇನೆಂಬುದನ್ನು ಆ್ಯಪಿನ ಕಂಪೆನಿ ನಿರಾಕರಿಸಿತು. ಆದರೆ ಎಕ್ಸ್-ಮೋಡ್‌ನೊಂದಿಗಿನ ಸಂಬಂಧವನ್ನು ಕಡಿದುಕೊಳ್ಳುವುದಾಗಿ ಪ್ರಕಟಿಸಿತು. ಜನರ ಸೂಕ್ಷ್ಮ ಸ್ಥಳ ಮಾಹಿತಿಯನ್ನು ಎಕ್ಸ್-ಮೋಡ್ ಮಾರಕೂಡದೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಆದೇಶಿಸಿತು. ನಮಾಝಿನ ನೆಪದಲ್ಲಿ ತೆರೆದ ಬಾಗಿಲಿನಿಂದ ಯಾರೆಲ್ಲ ಒಳಬಂದರು ನೋಡಿ! ನಮ್ಮ ಕರಾವಳಿಯಲ್ಲಿ ಕಿಬ್ಲಾ ಇರುವುದು ನೇರ ಪಶ್ಚಿಮದಿಂದ ಸುಮಾರು 19 ಡಿಗ್ರಿ ಉತ್ತರಕ್ಕೆ. ಅದು ಇಂದೊಂದು ಕಡೆ, ನಾಳೆ ಇನ್ನೊಂದು ಕಡೆ ಇರುವುದಿಲ್ಲ. ಮನೆಯಲ್ಲಿ ಒಮ್ಮೆ ನೋಡಿಕೊಂಡರೆ ಮುಗಿಯಿತು. ನಮಾಝಿನ ಸಮಯಕ್ಕೆ ಊರಿನ ಹೆಸರು ಸಾಕು, ಮಸೀದಿಯ ಗೋಡೆಯಲ್ಲಿರುವ ವೇಳಾಪಟ್ಟಿಯೂ ಸಾಕು.

ಎರಡನೆಯದು ನಮ್ಮ ದೇಶದ್ದೇ. ನಿಮಿಷಗಳಲ್ಲಿ ಸಾಲ ಕೊಡುವ ಆ್ಯಪ್‌ಗಳು ಸಾಲಗಾರನ ಫೋನಿನಲ್ಲಿದ್ದ ಹೆಸರುಗಳನ್ನೆಲ್ಲ ಬಾಚಿಕೊಂಡವು. ಕಂತು ತಪ್ಪಿದಾಗ ಅವನ ಬಂಧುಗಳಿಗೆ, ಗೆಳೆಯರಿಗೆ, ಕೆಲಸ ಕೊಟ್ಟವರಿಗೆ ಕರೆ ಮಾಡಿ ಮಾನ ಹರಾಜು ಹಾಕಿದವು. ಇದು ಎಷ್ಟು ಹಬ್ಬಿತೆಂದರೆ, ಸಾಲದ ಆ್ಯಪ್‌ಗಳು ಸಂಪರ್ಕಪಟ್ಟಿಯನ್ನು, ಕರೆಗಳ ವಿವರವನ್ನು, ಫೋಟೋಗಳನ್ನು ಮುಟ್ಟಕೂಡದೆಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ನಿಯಮ ಮಾಡಬೇಕಾಯಿತು. ಬಡ್ಡಿಯ ಪಾಪ ಸಾಲ ಪಡೆದವನದು ಎಂದಿಟ್ಟುಕೊಳ್ಳೋಣ. ಆದರೆ ಅವನ ಫೋನಿನಲ್ಲಿ ತಮ್ಮ ಹೆಸರಿತ್ತೆಂಬ ಒಂದೇ ಕಾರಣಕ್ಕೆ ಕೊಳಕು ಬೈಗುಳ ಕೇಳಿದ ಅತ್ತೆ, ನಾದಿನಿಯರು ಮಾಡಿದ ತಪ್ಪೇನು?

ಕಾನೂನು ಇದೆಯಲ್ಲ ಎನ್ನಬಹುದು. ಇದೆ, ಸಂತೋಷ. ಆಧಾರನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಮ್ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಪ್ರಕರಣದಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತಿತು. 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾಯ್ದೆಯೂ ಆಯಿತು. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತ ಹಾಗೂ ಮನೆಯ ಬಳಕೆಗೆ ಇಟ್ಟುಕೊಳ್ಳುವ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಕಂಪೆನಿ ಕಸಿದುಕೊಂಡರೆ ಕೇಳುವವರಿದ್ದಾರೆ. ನಾನಾಗಿಯೇ ಬಾಗಿಲು ತೆರೆದು ಇತರರ ಹೆಸರುಗಳನ್ನು ಒಪ್ಪಿಸಿದರೆ ನನ್ನನ್ನು ಕೇಳುವವರಾರು? ಇಲ್ಲಿ ಯಾರೂ ಇಲ್ಲ. ಪರಲೋಕದಲ್ಲಿ ಕೇಳುವವನಿದ್ದಾನೆ.

ಅಕ್ಕನ ಪ್ರಶ್ನೆಯ ತೂಕ ಇರುವುದು ಇಲ್ಲಿಯೇ. ನನ್ನ ಫೋನು ನನ್ನದು, ದುಡ್ಡು ಕೊಟ್ಟು ಕೊಂಡದ್ದು. ಆದರೆ ಅದರೊಳಗಿರುವುದೆಲ್ಲ ನನ್ನದಲ್ಲ. ತಲಾಕ್‌ನ ದುಃಖವನ್ನು ತೋಡಿಕೊಂಡ ಗೆಳತಿಯ ಸಂದೇಶ, ಆಸ್ಪತ್ರೆಯ ಚೀಟಿಯ ಫೋಟೋ ಕಳುಹಿಸಿದ ನೆರೆಯವರು, ಮದುವೆ ಮಾತುಕತೆಗೆಂದು ಬಂದ ಹುಡುಗಿಯ ಭಾವಚಿತ್ರ ಇವೆಲ್ಲ ಅಮಾನತ್. ಒಬ್ಬನು ಅತ್ತಿತ್ತ ನೋಡಿಕೊಂಡು ಹೇಳಿದ ಮಾತೂ ಅಮಾನತ್ ಎಂಬುದು ಪ್ರವಾದಿವರ್ಯರ(ಸ) ಶಿಕ್ಷಣ. ‘ಗುಟ್ಟಾಗಿಡು’ ಎಂದು ಬಾಯಿಬಿಟ್ಟು ಹೇಳಬೇಕೆಂದೂ ಇಲ್ಲ.

ಹಾಗಾದರೆ ಎಲ್ಲವನ್ನೂ ಕಿತ್ತು ಬಿಸಾಡಬೇಕೇ? ಇಲ್ಲ. ದೂರದೂರಿನಲ್ಲಿರುವ ಮಗನೊಂದಿಗೆ ತಾಯಿ ಮಾತಾಡಬೇಕು. ಅದಕ್ಕಿರುವ ವಾಟ್ಸ್‌ಆ್ಯಪ್ ಕೂಡಾ ಸಂಪರ್ಕಪಟ್ಟಿಯನ್ನು ಕೇಳುತ್ತದೆ. ನಾನೂ ಕೊಟ್ಟಿದ್ದೇನೆ. ನನ್ನ ಕೈ ಶುಭ್ರವೆಂದು ಹೇಳಲಾರೆ. ಆದರೆ ಫಿಕ್ಹ್ ಶಾಸ್ತ್ರದಲ್ಲೊಂದು ತತ್ವವಿದೆ. ಅನಿವಾರ್ಯತೆಯಿಂದ ಸಿಗುವ ರಿಯಾಯಿತಿ ಆ ಅನಿವಾರ್ಯತೆಯ ಅಳತೆಯಷ್ಟೇ. ಒಂದಕ್ಕೆ ಕೊಡಬೇಕಾಯಿತೆಂಬುದು ಹತ್ತಕ್ಕೆ ಕೊಡಲು ನೆಪವಾಗಬಾರದು.

ಅಂದು ಸಂಜೆ ನಾವು ಮೂವರೂ ಕುಳಿತು ಅಕ್ಕನ ಫೋನನ್ನು ವಿಂಗಡಿಸಿದೆವು. ಮಾತಿಗೊಂದು, ಬ್ಯಾಂಕಿನ ಹಣ ಕಳುಹಿಸಲು ಭೀಮ್, ಕಾಗದಪತ್ರಗಳಿಗೆ ಡಿಜಿಲಾಕರ್, ಓದಲು ಕುರ್‌ಆನ್. ಇವು ಉಳಿದವು. ದಾರಿ ತೋರಿಸುವ ನಕ್ಷೆಗೆ ಬಳಸುವಾಗ ಮಾತ್ರ ಸ್ಥಳ ತಿಳಿಯುವಂತೆ ಮಾಡಿದೆವು. ಟಾರ್ಚಿನ ಆ್ಯಪ್ ಹೋಯಿತು, ಫೋನಿನಲ್ಲಿ ಟಾರ್ಚ್ ಇದ್ದೇ ಇತ್ತು. ಉಳಿದವುಗಳ ಸಂಪರ್ಕ, ಕ್ಯಾಮರಾ, ಮೈಕ್ ಅನುಮತಿಗಳನ್ನು ಸೆಟ್ಟಿಂಗ್ಸ್‌ಗೆ ಹೋಗಿ ಒಂದೊಂದಾಗಿ ಮುಚ್ಚಿದೆವು. ಮುಚ್ಚಿದ ಬಳಿಕವೂ ಹೆಚ್ಚಿನವು ಚೆನ್ನಾಗಿಯೇ ನಡೆದವು! ಫೋಟೋದ ಆ್ಯಪ್ ಮಾತ್ರ ಪಟ್ಟು ಬಿಡಲಿಲ್ಲ. “ಇದು ಬೇಡ ಉಮ್ಮ” ಎಂದು ಹುಡುಗನೇ ಅದನ್ನು ಅಳಿಸಿದ. ರಾತ್ರಿ ಮನೆಗೆ ಬಂದು ನನ್ನ ಫೋನನ್ನೂ ಹಿಡಿದು ಕುಳಿತೆ. ಇಶಾದ ಬಳಿಕ ಆರಂಭಿಸಿದ ಕೆಲಸ ಮುಗಿಯುವಾಗ ಹನ್ನೊಂದು ದಾಟಿತ್ತು.

ಹೊಸ ಫೋನ್ ಕೊಂಡಾಗ ‘ಇದು ನನಗೇನು ಕೊಡುತ್ತದೆ?’ ಎಂದು ಎಲ್ಲರೂ ಕೇಳುತ್ತಾರೆ. ಸತ್ಯವಿಶ್ವಾಸಿಯು ಅದರ ಜೊತೆಗೆ ಇನ್ನೊಂದನ್ನೂ ಕೇಳಬೇಕು: ‘ಇದಕ್ಕಾಗಿ ನಾನು ಯಾರದನ್ನು ಕೊಡುತ್ತಿದ್ದೇನೆ?’ ಇಂದು ರಾತ್ರಿ ಮಕ್ಕಳನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ನಿಮ್ಮ ಮನೆಯ ಫೋನುಗಳನ್ನೊಮ್ಮೆ ತೆರೆದು ನೋಡಿರಿ. ನಮ್ಮನ್ನು ನಂಬಿ ಹೆಸರು ಕೊಟ್ಟವರ ನಂಬಿಕೆಯನ್ನು ಉಳಿಸಿಕೊಳ್ಳುವ ತೌಫೀಕನ್ನು ಅಲ್ಲಾಹನು ನಮಗೆಲ್ಲ ದಯಪಾಲಿಸಲಿ.