ಹೆಸರು ಶಬ್ದವಾದಾಗ

ಮೆಹದಿಪಟ್ಟಣದ ಮನೆಗಳಿಗೆ ಮುಂಜಾನೆ ಬರುವ ಹಾಲಿನ ಪೊಟ್ಟಣದ ಮೇಲೆ 'ಪಾಶ್ಚರೈಸ್ಡ್' ಎಂದು ಅಚ್ಚಾಗಿರುತ್ತದೆ. ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಕಾಯಿಸಿ ಒಡನೆಯೇ ತಣಿಸಿದರೆ ರೋಗಾಣುಗಳು ಸಾಯುತ್ತವೆ ಎಂಬುದಷ್ಟೇ ಅದರ ಅರ್ಥ. ಫ್ರಾನ್ಸಿನ ಲೂಯಿ ಪಾಶ್ಚರ್ 1860ರ ದಶಕದಲ್ಲಿ ದ್ರಾಕ್ಷಾರಸ ಕೆಡದಿರಲೆಂದು ಈ ಉಪಾಯ ಕಂಡುಕೊಂಡರು. ಮೇಲಿನ ಮಾತಿನಲ್ಲಿ ಇನ್ನೊಬ್ಬರೂ ನಮಗರಿವಿಲ್ಲದೆ ನುಸುಳಿಬಿಟ್ಟರು ನೋಡಿ! ಸೆಲ್ಸಿಯಸ್ ಸ್ವೀಡನ್ ದೇಶದ ಖಗೋಳ ವಿಜ್ಞಾನಿ.

ಹೀಗೆ ಹೆಸರು ಶಬ್ದವಾಗುವುದು ಇಂಗ್ಲಿಷಿನಲ್ಲಿ ಹಳೆಯ ರೂಢಿ. 1881ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ವಿದ್ಯುತ್ ತಜ್ಞರ ಸಮ್ಮೇಳನ ವೋಲ್ಟ, ಓಮ್, ಆಂಪೇರ್ ಎಂಬ ಮೂವರನ್ನು ಅಳತೆಯ ಮಾನಗಳನ್ನಾಗಿ ಮಾಡಿತು. ಆ ಭಾಷೆಯಲ್ಲಿ ವ್ಯಕ್ತಿಯ ಹೆಸರಿಗೆ ಮೊದಲಕ್ಷರ ದೊಡ್ಡದು. ಅದೇ ಹೆಸರು ಮಾನವಾದಾಗ ಅಕ್ಷರ ಚಿಕ್ಕದಾಗುತ್ತದೆ. ಮನುಷ್ಯ ಮರೆಯಾದನೆಂಬುದಕ್ಕೆ ಅಷ್ಟಾದರೂ ಗುರುತು ಅಲ್ಲಿದೆ. ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವಿಲ್ಲದ ನಮ್ಮ ಲಿಪಿಯಲ್ಲಿ ಅದೂ ಉಳಿಯುವುದಿಲ್ಲ.

ಇದು ಗೌರವವೋ, ಮರೆವೋ? ಒಬ್ಬನ ಬಾಳೆಲ್ಲ ಒಂದು ಅಳತೆಗೋಲಾಯಿತಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಸಾರಿನಲ್ಲಿ ಕರಗಿದ ಉಪ್ಪು ಕಣ್ಣಿಗೆ ಕಾಣುವುದಿಲ್ಲವೆಂದು ಯಾರೂ ಅದಕ್ಕಾಗಿ ಮರುಗುವುದಿಲ್ಲ; ಪ್ರತಿ ತುತ್ತಿನಲ್ಲೂ ಅದಿದೆ. ಮರೆವಿನ ಮಾತು ಅಷ್ಟು ದೊಡ್ಡದಲ್ಲ. ನ್ಯಾಯದ ಮಾತು ಬೇರೆ.

'ರಾಮನ್ ಪರಿಣಾಮ'ವನ್ನೇ ತೆಗೆದುಕೊಳ್ಳಿ. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಕಂಡ ಸತ್ಯವದು. ಅದನ್ನು ಜಗತ್ತಿಗೆ ತಿಳಿಸಿ 'ನೇಚರ್' ಪತ್ರಿಕೆಯಲ್ಲಿ ಅಚ್ಚಾದ ಟಿಪ್ಪಣಿಗೆ ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಇಬ್ಬರ ಹೆಸರೂ ಇತ್ತು. ಅದೇ ವರ್ಷ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡಲ್‌ಸ್ಟಾಮ್ ಹರಳುಗಳಲ್ಲಿ ಇದನ್ನೇ ಕಂಡಿದ್ದರು. 1930ರ ನೊಬೆಲ್ ಪಾರಿತೋಷಕ ಮಾತ್ರ ರಾಮನ್ ಒಬ್ಬರಿಗೇ ಬಂತು. ಶಬ್ದದಲ್ಲಿಯೂ ಅವರೊಬ್ಬರೇ ಉಳಿದರು. ರಾಮನ್ನರ ಹಿರಿಮೆಗೆ ಇದರಿಂದ ಕುಂದಿಲ್ಲ. ಆದರೆ ಶಬ್ದದಲ್ಲಿ ಒಬ್ಬರಿಗೇ ಸ್ಥಳ, ಕೆಲಸದಲ್ಲಿ ಹಲವರ ಕೈ. ಈ ಅಂತರವನ್ನು ಶಬ್ದ ತಾನಾಗಿ ಹೇಳದು, ಬಳಸುವವರೇ ಹೇಳಬೇಕು.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ನಮ್ಮ ನೆರೆಯಲ್ಲೇ ಇದೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನರ ಪ್ರಾಣ ಹೋಯಿತು. ಮರುವರ್ಷ ನಿಜಾಮ್ ಸರ್ಕಾರದ ಕರೆಯ ಮೇಲೆ ಬಂದ ವಿಶ್ವೇಶ್ವರಯ್ಯನವರು, ನಗರದ ಮೇಲ್ಭಾಗದಲ್ಲಿ ಮೂಸಿಗೂ ಈಸಿಗೂ ಜಲಾಶಯ ಕಟ್ಟಿ ಪ್ರವಾಹವನ್ನು ತಡೆಯಬೇಕೆಂದು ಸಲಹೆ ಕೊಟ್ಟರು. ಅದರಂತೆ 1920ರಲ್ಲಿ ಒಂದು, 1927ರಲ್ಲಿ ಇನ್ನೊಂದು ಸಿದ್ಧವಾದವು. ಒಂದಕ್ಕೆ ನಿಜಾಮರಾದ ಉಸ್ಮಾನ್ ಅಲಿ ಖಾನರ ಹೆಸರು, ಇನ್ನೊಂದಕ್ಕೆ ಅವರ ಹಿರಿಯ ಮಗ ಹಿಮಾಯತ್ ಅಲಿ ಖಾನರ ಹೆಸರು. ಉಸ್ಮಾನ್ ಸಾಗರವನ್ನು ಜನ ಬಗ್ಗಿದ ನಾಲಿಗೆಯಲ್ಲಿ ಗಂಡಿಪೇಟೆ ಎಂದುಬಿಟ್ಟರು. ದಶಕಗಳ ಕಾಲ ಈ ಊರು ಆ ನೀರನ್ನು ಕುಡಿಯಿತು. ಅದರ ಹೆಸರಿನಲ್ಲಿ ಎಂಜಿನಿಯರು ಇಲ್ಲ. ಆದರೆ ಹೆಸರಿಲ್ಲವೆಂದು ನೀರೇನೂ ಕಡಮೆಯಾಗಲಿಲ್ಲ.

ಹಾಗಾದರೆ ನಮ್ಮ ಕರ್ತವ್ಯವೇನು? ಹಿರಿಯರು ಮನುಷ್ಯನ ಸಾಲಗಳನ್ನು ಎಣಿಸುವಾಗ ದೇವಋಣ, ಪಿತೃಋಣಗಳ ಜೊತೆಗೆ ಋಷಿಋಣವನ್ನೂ ಹೇಳಿದರು. ಅದು ತೀರುವುದು ಅಧ್ಯಯನದಿಂದ. ಋಷಿಯ ಹೆಸರನ್ನು ಜಪಿಸುವುದರಿಂದಲ್ಲ, ಆತ ಕಂಡದ್ದನ್ನು ತಾನೂ ಕಲಿತು ಮುಂದಿನವರಿಗೆ ದಾಟಿಸುವುದರಿಂದ. ಪಾಶ್ಚರ್, ವೋಲ್ಟರ ಸಾಲವೂ ಇಂಥದೇ. ಕನ್ನಡದಲ್ಲಿ 'ಪಾಶ್ಚರೀಕರಣ' ಎನ್ನುವುದೋ, ಅಚ್ಚಗನ್ನಡದ ಮಾತೊಂದನ್ನು ಕಟ್ಟುವುದೋ ಎಂಬ ಚರ್ಚೆ ಇದರ ಮುಂದೆ ಚಿಕ್ಕದು. ಹೆಸರನ್ನು ಉಳಿಸಿಕೊಂಡು ಅರ್ಥವನ್ನು ಕಳೆದುಕೊಂಡರೆ ಸಾಲ ಉಳಿದೇ ಇರುತ್ತದೆ.

ಆದ್ದರಿಂದ ಮನೆಯ ಮಗು 'ವೋಲ್ಟ್ ಅಂದರೇನು?' ಎಂದು ಕೇಳಿದರೆ, ಇಟಲಿಯ ಒಬ್ಬ ದೊಡ್ಡ ವಿಜ್ಞಾನಿ ಎಂದು ಹೇಳಿ ಕೈತೊಳೆದುಕೊಳ್ಳಬಾರದು. ಎರಡು ಬಗೆಯ ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಯನ್ನಿಟ್ಟು, ಒಂದರ ಮೇಲೊಂದು ಪೇರಿಸಿ, 1800ರಲ್ಲಿ ಆತ ಎಡೆಬಿಡದೆ ಹರಿಯುವ ವಿದ್ಯುತ್ತನ್ನು ಲೋಕಕ್ಕೆ ತೋರಿಸಿದ ಎಂದು ಹೇಳೋಣ. ಸಾಧ್ಯವಾದರೆ ಬಿಲ್ಲೆಗಳನ್ನು ಕೈಗೆ ಕೊಟ್ಟು ಮಾಡಿಸೋಣ.