ಬಿಟ್ಟ ಚಾಳಿ, ಉಳಿದ ಬಾಕಿ

ತಪಸ್ಸುಕಾಲ ಬಂತೆಂದರೆ ನಮ್ಮ ಚರ್ಚುಗಳಲ್ಲಿ ಬಿಡುವ ಮಾತೇ ಹೆಚ್ಚು. ಮಾಂಸ ಬಿಡಿ, ಕುಡಿತ ಬಿಡಿ, ಸಿಡುಕು ಬಿಡಿ. ಬಿಡುವುದೇನೋ ಒಳ್ಳೆಯದೇ. ಆದರೆ ಹೊಸ ಜೀವನದ ಗುರುತೆಲ್ಲ ಬಿಟ್ಟದ್ದರಲ್ಲೇ ಇದೆ ಎಂಬ ಎಣಿಕೆಗೆ ಬೈಬಲಿನ ಒಪ್ಪಿಗೆ ಇದ್ದಂತಿಲ್ಲ. ಹಳೆಯ ಸ್ವಭಾವವನ್ನು ಕಳಚಿ ಹೊಸದನ್ನು ಧರಿಸಿಕೊಳ್ಳುವ ಪ್ರಸಿದ್ಧ ಮಾತು ಎಫೆಸದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿದೆ. ಅದರ ಬೆನ್ನಿಗೇ ಕಳ್ಳನ ವಿಷಯ ಬರುತ್ತದೆ: ಅವನು ಕದಿಯುವುದನ್ನು ನಿಲ್ಲಿಸಿದರೆ ಸಾಲದು, ಕೈಯಾರೆ ದುಡಿಯಬೇಕು, ದುಡಿದದ್ದರಲ್ಲಿ ಇಲ್ಲದವರಿಗೆ ಕೊಡಬೇಕು. ಲೂಕನ 19ನೇ ಅಧ್ಯಾಯದ ಜಕ್ಕಾಯನಂತೂ ಇನ್ನು ಮೋಸ ಮಾಡುವುದಿಲ್ಲ ಎಂದು ಹೇಳುವುದೇ ಇಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಎಂದು ಲೆಕ್ಕ ಒಪ್ಪಿಸುತ್ತಾನೆ. ಹಳೆಯ ಚಾಳಿಯಿಂದ ಯಾರಿಗೆ ಪೆಟ್ಟು ಬಿತ್ತೋ ಅವರ ಕಡೆಯಿಂದ ನೋಡಿದರೆ ಮಾತ್ರ ಹೊಸತನ ನಿಜವೋ ಅಲ್ಲವೋ ತಿಳಿಯುತ್ತದೆ. ಕುಡಿತ ಬಿಟ್ಟವನು ಹೆಂಡತಿಯ ಅಡವಿಟ್ಟ ಬಳೆ ಬಿಡಿಸಿಕೊಟ್ಟನೇ ಎಂದೂ ಕೇಳಬೇಕಾಗುತ್ತದೆ.

ಜಾನ್ ನ್ಯೂಟನ್ನನ ಬದುಕು ಇದಕ್ಕೆ ಕಹಿಯಾದ ಪುರಾವೆ. 'ಅಮೇಜಿಂಗ್ ಗ್ರೇಸ್' ಗೀತೆ ಬರೆದವನು. ಬಿರುಗಾಳಿಯಲ್ಲಿ ದೇವರಿಗೆ ಮೊರೆಯಿಟ್ಟು ಗುಲಾಮರ ವ್ಯಾಪಾರ ಬಿಟ್ಟ ಎಂದು ಪ್ರಸಂಗಗಳಲ್ಲಿ ಅವನ ಕತೆ ಮುಗಿದುಹೋಗುತ್ತದೆ. ತಾರೀಖುಗಳು ಹಾಗೆ ಹೇಳುವುದಿಲ್ಲ. ಬಿರುಗಾಳಿ ಬಂದದ್ದು 1748ರ ಮಾರ್ಚಿನಲ್ಲಿ. ಆಮೇಲೆ ಅವನ ಬಾಯಿಂದ ದೇವದೂಷಣೆ ಹೋಯಿತು, ಬೈಬಲ್ ಓದು ಬಂತು. 1750ರಿಂದ 1754ರವರೆಗೆ ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನೂ ಆಗಿದ್ದ. ಭಾನುವಾರ ಎರಡು ಹೊತ್ತು ನಾವಿಕರಿಗೆ ತಾನೇ ಆರಾಧನೆ ನಡೆಸುತ್ತಿದ್ದ. ಅಂಥ ಹಡಗುಗಳ ಒಡಲಲ್ಲಿ ಹೆಚ್ಚುಕಡಿಮೆ ಐದಡಿ ಎತ್ತರದ ಜಾಗಕ್ಕೆ ನಡುವೆ ಹಲಗೆ ಬಡಿದು, ಸಂಕೋಲೆ ತೊಡಿಸಿದ ಮನುಷ್ಯರನ್ನು ಮೇಲೊಂದು ಕೆಳಗೊಂದು ಸಾಲಾಗಿ ಒತ್ತೊತ್ತಿ ಮಲಗಿಸುತ್ತಿದ್ದರು. ಅವನು ಆ ಕಸುಬು ಬಿಟ್ಟದ್ದೂ ಕಾಯಿಲೆ ಬಿದ್ದದ್ದರಿಂದ; ಅದರ ವಿರುದ್ಧ ಪುಸ್ತಿಕೆ ಹೊರತಂದದ್ದು 1788ರಲ್ಲಿ. ಬೂಟಾಟಿಕೆ ಎಂದುಬಿಡುವುದು ಸುಲಭ. ನನಗನ್ನಿಸುವಂತೆ ಅವನ ಪಶ್ಚಾತ್ತಾಪ ಪ್ರಾಮಾಣಿಕವೇ ಆಗಿತ್ತು, ತೊಡಕಿದ್ದದ್ದೂ ಅಲ್ಲೇ. ಬೈಗುಳವನ್ನು ಅವನ ಸುತ್ತಲಿನ ಜನ ಪಾಪವೆಂದು ಎಣಿಸುತ್ತಿದ್ದರು, ಆ ವ್ಯಾಪಾರವನ್ನು ಮರ್ಯಾದಸ್ಥರ ಕಸುಬೆಂದು. ತನ್ನ ಮನಸ್ಸನ್ನಷ್ಟೇ ಜಾಲಾಡಿದವನಿಗೆ ಹಡಗಿನ ತಳದಲ್ಲಿದ್ದವರು ಲೆಕ್ಕಕ್ಕೇ ಸಿಗಲಿಲ್ಲ.

ಹಾಗಾದರೆ ರಕ್ಷಣೆಯನ್ನು ಸತ್ಕ್ರಿಯೆ ತೆತ್ತು ಕೊಂಡಂತಾಗಲಿಲ್ಲವೇ ಎಂದು, ಪ್ರಾಟೆಸ್ಟೆಂಟರು ಮುಖ್ಯವಾಗಿ, ಕೇಳಬಹುದು. ಜಕ್ಕಾಯನ ಕತೆಯ ಕ್ರಮ ನೋಡಿ: ಮರ ಹತ್ತಿ ಕೂತವನನ್ನು ಯೇಸು ಇಳಿಸಿ, ನಿನ್ನ ಮನೆಯಲ್ಲೇ ತಂಗುತ್ತೇನೆ ಎಂದದ್ದು ಮೊದಲು, ನಾಲ್ಕರಷ್ಟಿನ ಮಾತು ಬಂದದ್ದು ಆಮೇಲೆ. ಅದು ಕೃಪೆಗೆ ಕೊಟ್ಟ ಬೆಲೆಯಲ್ಲ, ಕೃಪೆ ಮನೆಯೊಳಗೆ ಬಂದದ್ದರ ಪರಿಣಾಮ. ಶಿಲುಬೆಯ ಮೇಲಿನ ಕಳ್ಳ ಯಾರಿಗೂ ಏನೂ ಹಿಂದಿರುಗಿಸಲಿಲ್ಲವಲ್ಲ ಎಂದರೆ, ಅವನಿಗೆ ಹೊತ್ತಿರಲಿಲ್ಲ. ಆದರೂ ತನಗಾದ ಶಿಕ್ಷೆ ನ್ಯಾಯವೆಂದ, ಪಕ್ಕದವನು ನಿರಪರಾಧಿಯೆಂದ. ಇನ್ನೂ ಮೂವತ್ತು ವರ್ಷ ಬಾಳಬೇಕಾದವರು ಆ ಕಳ್ಳನನ್ನು ಮುಂದಿಟ್ಟುಕೊಂಡು ಕೂರುವುದು ಸ್ವಲ್ಪ ಅತಿಯಾಯಿತು.

ಇದಕ್ಕಿಂತ ಭಾರವಾದ ಆಕ್ಷೇಪವೊಂದಿದೆ: ಮರಳಿಸಲಾಗದ್ದನ್ನು ಏನು ಮಾಡುವುದು? ನ್ಯೂಟನ್ ಮಾರಿಬಂದವರಿಗೆ ಯಾವ ನಾಲ್ಕರಷ್ಟೂ ತಲುಪುವಂತಿರಲಿಲ್ಲ. ಅವನ ಪಾಲಿಗೆ ಉಳಿದದ್ದು ಕಂಡದ್ದನ್ನು ಹೇಳುವ ಕೆಲಸ. ಹಡಗಿನೊಳಗಿನ ಅಳತೆ, ಹೆಬ್ಬೆರಳು ಹಿಂಡುವ ತಿರುಪು, ಎಲ್ಲವನ್ನೂ ಬಿಡಿಸಿ ಬರೆದ. ತನ್ನ ತಪ್ಪೊಪ್ಪಿಗೆ ತಡವಾಯಿತೆಂದೂ ಬರೆದ. ಸರ್ಕಾರಿ ವಿಚಾರಣೆಯಲ್ಲೂ ನಿಂತು ಹೇಳಿದ. ಬ್ರಿಟನ್ ಆ ವ್ಯಾಪಾರವನ್ನು ನಿಷೇಧಿಸಿದ್ದು 1807ರಲ್ಲಿ, ಅವನು ತೀರಿಕೊಂಡ ವರ್ಷ. ನಮ್ಮ ಪ್ರಾರ್ಥನಾಕೂಟಗಳಲ್ಲಿ ಸಾಕ್ಷಿ ಹೇಳುವವರು ಹೀಗಿದ್ದೆ, ಹೀಗಾದೆ ಎಂದು ಮುಗಿಸಿ ಕೂತುಬಿಡುತ್ತಾರೆ. ಹಾಗಿದ್ದಾಗ ನಿನ್ನ ಜೊತೆಗಿದ್ದವರ ಗತಿ ಏನಾಯಿತಪ್ಪಾ ಎಂದು ಸಭೆಯ ಹಿರಿಯರು ಕೇಳಿದರೆ ಏನೂ ತಪ್ಪಿಲ್ಲ.